ಮೂರು ಸಲ ತಟ್ಟುವ ಹೂವಯ್ಯನವರು

ಹೂವಯ್ಯನವರು ಹಳೆಯ ಕಡತ ಯಾವುದನ್ನೇ ಆಗಲಿ ಬಿಚ್ಚುವ ಮೊದಲು, ಪರರ ಮನೆಯ ಬಾಗಿಲಲ್ಲಿ ನಿಂತವರ ಹಾಗೆ ಒಮ್ಮೆ ಕೆಮ್ಮಿ, ನಡುಬೆರಳ ಗೆಣ್ಣಿನಿಂದ ಅದರ ರಟ್ಟನ್ನು ಮೂರು ಸಲ ತಟ್ಟಿ, ತಲೆಯನ್ನು ತುಸು ಓರೆ ಮಾಡಿಕೊಂಡು ಕಾಯುತ್ತಾರೆ. ಕಾಯುವುದೆಂದರೆ ಶಾಸ್ತ್ರಕ್ಕೆ ಅರೆಕ್ಷಣವಲ್ಲ. ಎದುರಿಗೆ ಕೂತವರಿಗೆ ಚಡಪಡಿಕೆ ಹತ್ತಿ, ಅವರೂ ಉಸಿರು ಬಿಗಿಹಿಡಿದು ಕಿವಿಗೊಡುವಷ್ಟು ಹೊತ್ತು. ಮೊದಲ ಸಲ ನನ್ನ ಊಟದ ಮೇಜಿನ ಮೇಲಿದ್ದ ಅಂಚೆಯ ಲಕೋಟೆಯೊಂದನ್ನು ಅವರು ಹಾಗೆ ತಟ್ಟಿದಾಗ ನಾನು ಸುಮ್ಮನಿರಲಾರದೆ, "ಅದು ಕಾಗದ ಹೂವಯ್ಯನವರೇ, ಮನೆಯಲ್ಲ" ಅಂದಿದ್ದೆ. "ಗೊತ್ತು ಮೇಡಂ. ಆದ್ರೆ ಒಳಗೆ ಜನ ಇರ್ತಾರಲ್ಲ" ಎಂದರು. ಆ ಮಾತಿನಲ್ಲಿ ತಮಾಷೆಯೂ ಇರಲಿಲ್ಲ, ಭಕ್ತಿಯೂ ಇರಲಿಲ್ಲ. ಹೊಸನಗರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರೆ ಹೇಳುವ ಧ್ವನಿಯಲ್ಲಿಯೇ ಹೇಳಿದ್ದರು.

ನಾನು ಸಾಗರದ ಕಾಲೇಜೊಂದರಲ್ಲಿ ಮೂವತ್ಮೂರು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು; ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ನನ್ನ ವಿದ್ಯಾರ್ಥಿಗಳು ಇವತ್ತಿಗೂ ಹೇಳುತ್ತಾರೆ, ಮತ್ತು ಅದು ಸುಳ್ಳಲ್ಲ. ಹೂವಯ್ಯನವರು ಹೊಸನಗರದವರು. ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ, ಗೆದ್ದಲಿಗೂ ತೇವಕ್ಕೂ ಎದುರಾಗಿ ಒಬ್ಬಂಟಿ ಸಮರ ಹೂಡಿಕೊಂಡು ಆಯುಷ್ಯದ ಬಹುಭಾಗವನ್ನು ಕಳೆದು, ಈಗ ಎಪ್ಪತ್ತನಾಲ್ಕರ ಪ್ರಾಯದಲ್ಲಿ ತಾವೇ ಹಚ್ಚಿಕೊಂಡ ಒಂದು ವಿಚಿತ್ರ ಉದ್ಯೋಗದಲ್ಲಿ ನಿರತರಾಗಿದ್ದಾರೆ. ಯಾರ ಅಜ್ಜನೋ ಮುತ್ತಜ್ಜನೋ ಸೈನ್ಯಕ್ಕೆ ಸೇರಿಯೋ ಹಡಗು ಹತ್ತಿಯೋ ಹೋದವನು ಹಿಂದಿರುಗದೆ ಇದ್ದರೆ, ಅಂಥವನನ್ನು ಇವರು ಕಾಗದಗಳಲ್ಲಿ ಹುಡುಕಿಕೊಡುತ್ತಾರೆ. ಸೇವಾಪುಸ್ತಕಗಳು, ಬಂದರುಗಳ ವಲಸೆ ನಮೂನೆಗಳು, ಹಡಗಿನ ಹೆಸರುಪಟ್ಟಿಗಳು ಎಲ್ಲೆಲ್ಲಿಯ ಉಗ್ರಾಣಗಳಲ್ಲಿ ಮಲಗಿವೆಯೋ ಅಲ್ಲಿಗೆಲ್ಲ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು, ಇ-ಮೇಲು ನೋಡುವುದು ನನ್ನ ಪಾಲಿನ ಕೆಲಸ. ಪ್ರತಿ ಗುರುವಾರ ಬೆಳಗಿನ ಬಸ್ಸಿಗೆ ಅವರು ಸಾಗರಕ್ಕೆ ಬಂದಿಳಿದು, ಹತ್ತೂವರೆಗೆ ನಮ್ಮ ಗೇಟಿನ ಚಿಲಕ ತೆಗೆಯುತ್ತಾರೆ.

ಅವರ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಹತ್ತಿಪ್ಪತ್ತು ಹೆಜ್ಜೆ ನೆಟ್ಟಗೆ ಬಂದು, ದಾರಿಯ ನಡುವೆ ತಟ್ಟನೆ ನಿಂತು, ಹಿಂದೆ ಬರುವ ಯಾರೋ ಬಂದು ಕೂಡಿಕೊಳ್ಳಲಿ ಎಂಬಂತೆ ಒಂದು ಗಳಿಗೆ ತಡೆದು, ಮತ್ತೆ ಹೊರಡುತ್ತಾರೆ. ಆದರೆ ಹಿಂತಿರುಗಿ ಮಾತ್ರ ನೋಡುವುದಿಲ್ಲ. ಮೈಮೇಲೆ, ಚಳಿಯಿರಲಿ ಬಿಸಿಲಿರಲಿ, ಮೊಣಕಾಲು ಮುಟ್ಟುವ ಒಂದು ಹಳೆಯ ಖಾಕಿ ಕೋಟು. ಅದು ಅವರ ಅಳತೆಯದಲ್ಲ. ಭುಜದಲ್ಲಿ ಅಗಲ, ತೋಳಿನಲ್ಲಿ ಉದ್ದ, ಒಬ್ಬ ಎತ್ತರದ ಆಳಿನ ಆಕಾರವನ್ನು ಇನ್ನೂ ಬಿಟ್ಟುಕೊಡದ ಕೋಟು. ಕಡುಬೇಸಗೆಯಲ್ಲೂ ಅದರಿಂದ ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಬಲಜೇಬಿನಲ್ಲಿ ಕನ್ನಡಕ, ಪೆನ್ನು, ಬಸ್ ಟಿಕೇಟು, ಎಲೆಯಡಿಕೆ ಎಲ್ಲ ಒಂದರ ಮೇಲೊಂದು ತುರುಕಿಕೊಂಡಿರುತ್ತಿದ್ದವು. ಎಡಜೇಬಿಗೆ ಅವರು ಕೈ ಹಾಕಿದ್ದನ್ನು ನಾನು ಕಂಡಿಲ್ಲ. ಯಾಕೆಂದು ಕೇಳಿದ್ದಕ್ಕೆ "ಅದು ಅವ್ರದ್ದು" ಅಂದರು. ಯಾರದು ಎಂದು ಆ ದಿನ ನಾನೂ ಕೇಳಲಿಲ್ಲ.

ಬಸ್ಸಿನ ಪ್ರಸಂಗವೊಂದನ್ನು ಹೇಳದಿದ್ದರೆ ಈ ಚಿತ್ರ ಅಪೂರ್ಣವಾಗುತ್ತದೆ. ಹೊಸನಗರದಿಂದ ಹುಂಚದ ಕಡೆಗೆ ಇಬ್ಬರೂ ಹೊರಟಿದ್ದೆವು. ಕಿಟಕಿಯ ಪಕ್ಕದ ಸೀಟಿನಲ್ಲಿ ದಾಖಲೆಗಳ ಚೀಲವನ್ನಿಟ್ಟು, ತಾವು ಈಚೆ ಕೂತಿದ್ದರು ಹೂವಯ್ಯನವರು. ಹಿಂದಿನ ಸೀಟಿನಲ್ಲಿ ನಾನು. ಬಸ್ಸು ತುಂಬುತ್ತಾ ಬಂದಾಗ ಒಬ್ಬ ಹೆಂಗಸು ಚೀಲ ತೆಗೆಯಿರೆಂದಳು. "ಜನ ಇದ್ದಾರೆ" ಅಂದರು ಇವರು. ಆಕೆ ಖಾಲಿ ಸೀಟನ್ನೂ ಇವರ ಮುಖವನ್ನೂ ನೋಡಿ, ಮುಂದಕ್ಕೆ ಹೋಗಿ ಕಂಬಿ ಹಿಡಿದು ನಿಂತಳು. ಕಂಡಕ್ಟರ್ ಬಿಡಬೇಕಲ್ಲ! "ಯಾರ್ರೀ ಜನ? ಟಿಕೇಟ್ ಎಲ್ಲಿ?" ಎಂದು ಗದರಿದ. ಹೂವಯ್ಯನವರು ಚೀಲವನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಬೇಜಾರು ಮಾಡ್ಕೋಬೇಡಿ" ಎಂದರು. ಅದನ್ನವರು ಕಂಡಕ್ಟರಿಗೆ ಹೇಳಿರಲಿಲ್ಲ, ಚೀಲಕ್ಕೆ ಹೇಳಿದ್ದರು. ಆ ಸೀಟು ಹುಂಚದವರೆಗೂ ಖಾಲಿಯೇ ಉಳಿಯಿತು. ಅಷ್ಟು ಜನ ನಿಂತಿದ್ದರೂ ಒಬ್ಬರೂ ಅದರಲ್ಲಿ ಕೂರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಇಳಿದ ಮೇಲೆ ಚೆನ್ನಾಗಿ ಬೈದೆ.

ಆದರೆ ಇದೇ ಮನುಷ್ಯ, ಸಾಕ್ಷ್ಯದ ವಿಷಯ ಬಂದರೆ ಕೂದಲು ಸೀಳುವ ವಕೀಲರನ್ನೂ ನಾಚಿಸುವಷ್ಟು ಕಠೋರ. ಕಾಗದ ನೋಡದೆ ಯಾರನ್ನೂ ಸತ್ತರೆಂದು ಒಪ್ಪುವುದಿಲ್ಲ, ಬದುಕಿದರೆಂದೂ ಒಪ್ಪುವುದಿಲ್ಲ. "ಕಾಗದ ಹೇಳ್ಲಿ" ಎನ್ನುವುದು ಅವರ ಬಾಯಿಮಾತು. ಹೆಗ್ಗೋಡಿನ ಹತ್ತಿರದ ಮನೆಯೊಂದರವರು, ತಮ್ಮ ಅಜ್ಜನ ತಮ್ಮ ಮಹಾಯುದ್ಧದಲ್ಲಿ ವೀರಮರಣ ಹೊಂದಿದವನೆಂದು ಮೂರು ತಲೆಮಾರು ಹೇಳಿಕೊಂಡು ಬಂದವರು, ಶಿಲೆ ನೆಡುವುದಕ್ಕೆ ದಾಖಲೆ ಬೇಕೆಂದರು. ದಾಖಲೆ ಬಂತು. ಆತ ರಾತ್ರೋರಾತ್ರಿ ಶಿಬಿರ ಬಿಟ್ಟು ಓಡಿ, ಸಿಕ್ಕಿಬಿದ್ದು, ಜೈಲಿನಲ್ಲಿ ಭೇದಿಯಿಂದ ತೀರಿಕೊಂಡಿದ್ದ. ಹೂವಯ್ಯನವರು ಇಡೀ ಮನೆಯವರನ್ನು ಜಗುಲಿಯಲ್ಲಿ ಕೂರಿಸಿ ಅದನ್ನು ಅಕ್ಷರ ಬಿಡದೆ ಓದಿದರು. ಬಂದಾಗ ಕಾಫಿ ತಿಂಡಿ ಕೊಟ್ಟವರು ಹೊರಡುವಾಗ ಹೋಗಿ ಬನ್ನಿ ಎಂದು ಕೂಡ ಹೇಳಲಿಲ್ಲ. ಸ್ವಲ್ಪ ಮೆತ್ತಗೆ ಹೇಳಬಹುದಿತ್ತಲ್ಲ ಎಂದು ನಾನು ಗೊಣಗಿದ್ದಕ್ಕೆ, "ಸುಳ್ಳು ಹೇಳಿದ್ರೆ ಆ ಮನುಷ್ಯ ಎರಡನೇ ಸಲ ಕಾಣೆ ಆಗ್ತಾನೆ ಮೇಡಂ" ಅಂದರು.

ಈಗ ಕೋಟಿನ ವಿಷಯಕ್ಕೆ ಬರುತ್ತೇನೆ.

ಹುಂಚದಿಂದ ಮೂರು ಮೈಲಿ ಒಳಗೆ ಗದ್ದೆಬಯಲಿನ ಅಂಚಿಗೆ ಬೆಳ್ಳಮ್ಮನ ಮನೆ. ಆಕೆಯ ಹಿರಿಯರು ಒಂದು ಕಾಲಕ್ಕೆ ಗೇಣಿದಾರರು. ಈಗ ಗದ್ದೆ ಅವರದೇ, ಮಗ ರಾಜೇಂದ್ರನ ಪಂಪ್‌ಸೆಟ್ ರಿಪೇರಿಯ ಅಂಗಡಿಯೂ ಇದೆ. ಬೆಳ್ಳಮ್ಮನಿಗೆ ಎಂಬತ್ತೆರಡು. ಆಕೆಯ ತಂದೆ ಜಟ್ಟಿಂಗಪ್ಪ ಸೈನ್ಯಕ್ಕೆ ಸೇರಿ, ರಜೆಯಲ್ಲಿ ಬಂದು ಹೋದವನು, ಸಾವಿರದ ಒಂಬೈನೂರ ನಲವತ್ತೊಂದರ ಕೊನೆಗೆ ಮಲಯಾಕ್ಕೆ ಹಡಗು ಹತ್ತಿದ. ಬೆಳ್ಳಮ್ಮ ಹುಟ್ಟಿದ್ದು ಮರುವರ್ಷ. ತಂದೆ ಮಗಳು ಒಬ್ಬರನ್ನೊಬ್ಬರು ಕಂಡಿರಲಿಲ್ಲ. ನಲವತ್ಮೂರರಲ್ಲಿ ಮನೆಗೊಂದು ಕಾಗದ ಬಂತು: ಪತ್ತೆಯಿಲ್ಲ, ಸತ್ತಿರಬಹುದು. ಆ ವರ್ಷದಿಂದ ಹಿರಿಯರ ಹಬ್ಬದ ದಿವಸ ಜಟ್ಟಿಂಗಪ್ಪನಿಗೂ ಒಂದು ಎಡೆ ಬೀಳತೊಡಗಿತು.

ಆ ಮನೆಯ ಹಬ್ಬದ ಕ್ರಮ ಹೀಗೆ. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ನಡುಕೋಣೆಯಲ್ಲಿ ತೀರಿಕೊಂಡವರೊಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಪಕ್ಕದಲ್ಲಿ ಅವರು ಉಟ್ಟ ಬಟ್ಟೆ ಮಡಿಸಿಟ್ಟು, ಎಲ್ಲರೂ ಅಂಗಳಕ್ಕಿಳಿದು ಬಾಗಿಲು ಮುಚ್ಚುತ್ತಾರೆ. ಮನೆಯ ಹಿರಿಯ ಹೆಂಗಸು ಹೊಸ್ತಿಲಾಚೆ ನಿಂತು ಹೆಸರು ಹಿಡಿದು ಕರೆಯುತ್ತಾಳೆ: "ಬಾ. ಉಂಡು ಹೋಗು. ತಿರುಗಿ ನೋಡ್ಬೇಡ." ಆಮೇಲೆ ಒಂದಷ್ಟು ಹೊತ್ತು ಯಾರೂ ಮಾತಾಡುವ ಹಾಗಿಲ್ಲ. ತಿರುಗಿ ಒಳಗೆ ಹೋಗುವಾಗ ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿಯೇ ಹೋಗಬೇಕು. ಉಣ್ಣುತ್ತಿರುವವರು ಎದ್ದು ಹೊರಡುವುದಕ್ಕೆ ಅಷ್ಟು ಸಮಯ ಕೊಡಬೇಕು. ಹೂವಯ್ಯನವರ ಮನೆಯಲ್ಲೂ ಇದೇ ಪದ್ಧತಿ. ಅವರ ಕೈ ರಟ್ಟನ್ನು ತಟ್ಟುವುದನ್ನು ಎಲ್ಲಿ ಕಲಿಯಿತೆಂದು ನನಗೆ ತಿಳಿದದ್ದು ಇದನ್ನು ಕೇಳಿದ ದಿನ.

ನಲವತ್ತಾರರ ಹಬ್ಬದಲ್ಲಿ ನಾಲ್ಕು ವರ್ಷದ ಬೆಳ್ಳಿ ನಡುಕೋಣೆಯ ಕಣಜದ ಹಿಂದೆ ನಿದ್ದೆ ಹೋಗಿದ್ದಳು, ಯಾರೂ ಗಮನಿಸಿರಲಿಲ್ಲ. ಎಚ್ಚರವಾದಾಗ ಬಾಗಿಲು ಮುಚ್ಚಿತ್ತು. ಹಿಂದಿನ ಬಾಗಿಲಿನಿಂದ ಕಾಲು ತೊಳೆದುಕೊಂಡು ಒಬ್ಬ ಎತ್ತರದ ಮನುಷ್ಯ ಒಳಗೆ ಬಂದ. ಮೈಮೇಲೆ ದೊಡ್ಡ ಖಾಕಿ ಕೋಟು. ಎಲೆಗಳ ಸಾಲನ್ನು ನೋಡುತ್ತಾ ನಿಂತ. ಅಷ್ಟರಲ್ಲಿ ಮುಚ್ಚಿದ ಬಾಗಿಲಿನ ಆಚೆಯಿಂದ ಅವಳ ತಾಯಿ ಕೆರಿಯಮ್ಮ, ಎಲ್ಲ ಹೆಸರು ಮುಗಿಸಿ ಕಡೆಗೆ ಉಳಿದಿದ್ದ ಹೆಸರನ್ನು ಕೂಗಿದಳು. ಕೂಗಿದ ಕಡೆಗೆ ಆತ ತಲೆ ತಿರುಗಿಸಿದ. ಆಮೇಲೆ ಆ ಕೊನೆಯ ಎಲೆಯ ಮುಂದೆ ಕೂತು ಉಂಡ. ಕಣಜದ ಪಕ್ಕ ನಿಂತ ಮಗುವನ್ನು ಕಂಡು, ಹತ್ತಿರ ಕರೆದು, ತನ್ನ ಎಲೆಯಿಂದ ಒಂದು ಕಡುಬು ತೆಗೆದು ಅದರ ಕೈಯಲ್ಲಿಟ್ಟ. ಮಗು ತಿಂದಿತು. ಆತ ಕೋಟು ಬಿಚ್ಚಿ ಅಲ್ಲೇ ಇಟ್ಟು, ಎಲೆಯ ಪಕ್ಕ ಮಡಿಸಿಟ್ಟಿದ್ದ ಪಂಚೆ ಹೊದ್ದುಕೊಂಡು, ಬಂದ ದಾರಿಯಲ್ಲೇ ಹೊರಟುಹೋದ.

ತಟ್ಟಿ ಒಳಗೆ ಬಂದವರಿಗೆ ಕಂಡದ್ದು ಬರಿದಾದ ಎಲೆ, ಕೋಟು, ಮತ್ತು ಬಾಯಿಯೆಲ್ಲ ಬೆಲ್ಲ ಮಾಡಿಕೊಂಡ ಹುಡುಗಿ. ಅಂದಿನಿಂದ ಆಕೆ ಊರಿನ ಬಾಯಲ್ಲಿ ಎಡೆ ಉಂಡವಳಾದಳು. ಸತ್ತವನ ಕೈತುತ್ತು ತಿಂದವಳೆಂದು ಮದುವೆಗೆ ಯಾರೂ ಬೇಗ ಮುಂದೆ ಬರಲಿಲ್ಲ. ಮದುವೆಯಾಗಿ ಮಕ್ಕಳಾದ ಮೇಲೂ, ಮೈದುನನ ಮದುವೆಯಿರಲಿ ಸ್ವಂತ ಮಗನ ಮದುವೆಯಿರಲಿ, ಧಾರೆಯ ಹೊತ್ತಿಗೆ ಆಕೆ ಒಲೆಯ ಹತ್ತಿರವೇ ಇರಬೇಕು. ಜೋಡಿಸಿದ ಕೈಗಳ ಮೇಲೆ ಹಾಲು ಎರೆಯುವುದಕ್ಕೆ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಯಾರೂ ಬೇಡವೆಂದೂ ಹೇಳುತ್ತಿರಲಿಲ್ಲ, ಅದೇ ಅದರ ಕ್ರೌರ್ಯ.

ಆರು ವರ್ಷದ ಹಿಂದೆ ಬೆಳ್ಳಮ್ಮ ಆ ಕೋಟನ್ನು ಗೂಟದಿಂದಿಳಿಸಿ ಹೂವಯ್ಯನವರಿಗೆ ಕೊಟ್ಟಿದ್ದಳು. ಕಾಲರಿನ ಒಳಗೆ ಮಸಿಯಲ್ಲಿ ಬರೆದ ಸೈನಿಕನ ನಂಬರು ಇತ್ತು; ಕೊನೆಯ ಅಂಕಿಯನ್ನು ಮಾತ್ರ ಹುಳ ತಿಂದಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಸಾಧ್ಯತೆಗಳು, ಹತ್ತು ಅಪರಿಚಿತರು. ಒಂದೊಂದು ಪತ್ರಕ್ಕೆ ಉತ್ತರ ಬರಲು ಆರೆಂಟು ತಿಂಗಳು. ಕೋಟು ಯಾಕೆ ತೊಡುತ್ತೀರಿ ಎಂದರೆ, "ಹುಡ್ಕೋನು ಯಾರು ಅಂತ ಅವ್ರಿಗೂ ಗುರ್ತು ಸಿಗ್ಬೇಕಲ್ಲ" ಅನ್ನುವರು.

ನಾನು ಆ ಮನೆಗೆ ಮೊದಲು ಹೋದ ದಿನ, ಆ ಬಸ್ಸಿನ ದಿನವೇ, ಬೆಳ್ಳಮ್ಮ ಕೋಟನ್ನೇ ನೋಡುತ್ತಾ ಮಾತಾಡಿದಳು, ತೊಟ್ಟವರನ್ನು ನೋಡಲಿಲ್ಲ. "ಎಲ್ಲಿ ಸತ್ರು, ಹೆಂಗೆ ಸತ್ರು, ಅದೆಲ್ಲ ಬ್ಯಾಡ ತಮ್ಮಾ. ಅವತ್ತು ಬಂದಿದ್ದು ಸತ್ತೋರಾ, ಬದುಕಿದ್ದೋರಾ, ಅದೊಂದು ನೋಡಿ ಹೇಳು. ಮೊಮ್ಮಗಳು ಲಿಖಿತಾನ ಮದುವೆ ಬ್ಯಾಸಿಗೇಲಿ. ಅಷ್ಟ್ರೊಳಗೆ ಹೇಳು. ಆ ಹುಡುಗಿ ಕೈಗೆ ಹಾಲು ಎರೀಬೇಕು ನಂಗೆ."

"ಬದುಕಿದ್ದೋರೇ ಇರ್ಬೇಕು ಅಜ್ಜೀ" ಎಂದಳು ಪಕ್ಕದಲ್ಲಿ ಕೂತಿದ್ದ ಲಿಖಿತಾ.

"ನೀ ಹೇಳಿದ್ರೆ ಆಗ್ಲಿಲ್ಲ ಮಗಾ. ಊರು ಒಪ್ಪೋ ಹಂಗೆ ಬೇಕು" ಎಂದು ಆಕೆ ಮೊಮ್ಮಗಳ ತಲೆ ಸವರಿದಳು. ಆಮೇಲೆ, ಯಾರೂ ಕೇಳದಿದ್ದರೂ, ಒಂದು ಮಾತು ಸೇರಿಸಿದಳು: "ಆ ವರ್ಷ ಆದ್ಮೇಲೆ ಅವ್ವ ಯಾವತ್ತೂ ಹಿಂದಿನ ಬಾಗ್ಲು ಚಿಲಕ ಹಾಕೇ ಎಡೆ ಇಡ್ತಿದ್ಲು."

ಹಿಂದಿರುಗುವಾಗ ನಾನು, ಬಂದವನು ಯಾರೋ ಹಸಿದ ಕಳ್ಳನಿರಬೇಕೆಂದು ವಾದಿಸಿದೆ. "ಕಳ್ಳ ಹೊಸ ಕೋಟು ಬಿಟ್ಟು ಹಳೇ ಪಂಚೆ ಒಯ್ತಾನಾ ಮೇಡಂ?" ಎಂದರು ಹೂವಯ್ಯನವರು. ಹಾಗಾದರೆ ಏನು, ಸತ್ತವನೇ ಬಂದನೇ ಎಂದು ಕೆರಳಿ ಕೇಳಿದೆ. ಅವರು ದಾರಿಯ ನಡುವೆ ತಟ್ಟನೆ ನಿಂತು, ಹಿಂದಿನವರು ಬರಲೆಂದು ಕಾದು, "ಕಾಗದ ಹೇಳ್ಲಿ" ಅಂದರು. ಎರಡೂ ಪಕ್ಕ ಕೊಯ್ದ ಗದ್ದೆ, ಮಟಮಟ ಬಿಸಿಲು, ಒಂದು ನರಪಿಳ್ಳೆ ಇಲ್ಲದ ದಾರಿ. ನಾನು ಹಿಂದಕ್ಕೆ ನೋಡದೆ ನಡೆದೆ. ಯಾಕೆ ನೋಡಲಿಲ್ಲವೆಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಒಂಬತ್ತನೆಯ ಅಂಕಿಗೆ ಉತ್ತರ ಬಂದದ್ದು ಜನವರಿಯಲ್ಲಿ. ಸೇವಾ ದಾಖಲೆಯ ಜೊತೆಗೇ, ಜಟ್ಟಿಂಗಪ್ಪನ ಹೆಸರನ್ನೂ ಹತ್ತು ನಂಬರುಗಳನ್ನೂ ಹಿಡಿದು ನಾನು ಮೊದಲೇ ಮಲಯಾದ ಕಡೆಗೆ ಬರೆದಿದ್ದ ಪತ್ರಕ್ಕೆ ಪಿನಾಂಗ್ ಬಂದರಿನ ಮೂರು ವಲಸೆ ನಮೂನೆಗಳೂ ಸಿಕ್ಕಿದವು. ಇ-ಮೇಲಿನಲ್ಲಿ ಬಂದದ್ದನ್ನು ಓದದೆಯೇ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ತಂದ ಲಕೋಟೆಯನ್ನು ಗುರುವಾರದವರೆಗೆ ನಾನೊಬ್ಬಳೇ ಎದುರಿಗಿಟ್ಟುಕೊಂಡಿದ್ದೆ. ಬುಧವಾರ ಸಂಜೆ ತಡೆಯಲಾರದೆ ಬಿಚ್ಚಲು ಕೈ ಹಾಕಿದವಳು, ನಾಚಿಕೆಗೇಡು, ಮೂರು ಸಲ ತಟ್ಟಿದೆ. ತಟ್ಟಿದ ಮೇಲೆ ಬಿಚ್ಚಲು ಧೈರ್ಯ ಬರದೆ ಹಾಗೆಯೇ ಇಟ್ಟೆ.

ಮರುದಿನ ಹೂವಯ್ಯನವರು ತಟ್ಟಿ, ಕಾದು, ಬಿಚ್ಚಿದರು. ಜಟ್ಟಿಂಗಪ್ಪ ಮಲಯಾದಲ್ಲಿ ಶತ್ರುವಿನ ಕೈಗೆ ಸಿಕ್ಕಿ ಮೂರೂವರೆ ವರ್ಷ ಸೆರೆಯಲ್ಲಿದ್ದು ಬದುಕಿ ಉಳಿದವನು. ಸಾವಿರದ ಒಂಬೈನೂರ ನಲವತ್ತಾರು ಸೆಪ್ಟೆಂಬರ್ ಇಪ್ಪತ್ತೊಂದರಂದು ಅವನನ್ನು ಸೇವೆಯಿಂದ ಬಿಡಿಸಿ, ಒಂದು ಕೋಟು ಕೊಟ್ಟು, ಸಾಗರ ಸ್ಟೇಷನ್ನಿನವರೆಗೆ ರೈಲಿನ ಪಾಸು ಬರೆದುಕೊಟ್ಟಿದ್ದರು. ಹಳೆಯ ಪಂಚಾಂಗ ತೆಗೆದು ನೋಡಿದೆವು. ಆ ವರ್ಷದ ಮಹಾಲಯ ಅಮಾವಾಸ್ಯೆ ಬಿದ್ದದ್ದು ಇಪ್ಪತ್ತೈದಕ್ಕೆ.

ವಲಸೆ ನಮೂನೆಗಳು ನಲವತ್ತೆಂಟು, ಐವತ್ತೇಳು, ಎಪ್ಪತ್ತೊಂದನೆಯ ಇಸವಿಗಳವು. ಹಿಂದಿನ ಸೈನ್ಯಸೇವೆಯ ಅಂಕಣದಲ್ಲಿ ಅದೇ ನಂಬರು. ಪ್ರತಿಯೊಂದರ ಮೂಲೆಯಲ್ಲಿ ಒಂದು ಫೋಟೋ. ಮೊದಲನೆಯದರಲ್ಲಿ ಬೆಳ್ಳಮ್ಮನದೇ ಹುಬ್ಬು, ಅವಳದೇ ಗದ್ದ, ಎರಡನೆಯದರಲ್ಲಿ ಕೆನ್ನೆ ಇಳಿದಿತ್ತು, ಮೂರನೆಯದರಲ್ಲಿ ಮುದುಕ. ಊರಿನಲ್ಲಿರುವ ಸಂಬಂಧಿಕರೆಂಬ ಅಂಕಣವನ್ನು ಹೂವಯ್ಯನವರ ಬೆರಳು ಮುಟ್ಟಿ ನಿಂತಿತು. ನಲವತ್ತೆಂಟರಲ್ಲಿ: ಮಗಳು, ಒಬ್ಬಳು, ವಯಸ್ಸು ನಾಲ್ಕು. ಐವತ್ತೇಳರಲ್ಲಿ: ಮಗಳು, ಒಬ್ಬಳು, ವಯಸ್ಸು ನಾಲ್ಕು. ಎಪ್ಪತ್ತೊಂದರಲ್ಲಿಯೂ ಅದೇ, ಯಾರೋ ಗುಮಾಸ್ತ ಅದರ ಪಕ್ಕದಲ್ಲಿ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಫೋಟೋದಲ್ಲಿ ತಂದೆ ಮುದುಕನಾಗುತ್ತಾ ಹೋಗಿದ್ದ, ಅಂಕಣದಲ್ಲಿ ಮಗಳು ಸತ್ತ ಮಕ್ಕಳ ಹಾಗೆ ನಾಲ್ಕರಲ್ಲೇ ನಿಂತುಬಿಟ್ಟಿದ್ದಳು. ಆತ ತೀರಿಕೊಂಡದ್ದು ಎಪ್ಪತ್ತೊಂಬತ್ತರಲ್ಲಿ ಎಂದು ಕೊನೆಯ ಹಾಳೆಯಲ್ಲಿತ್ತು.

"ಹುಟ್ಟಿದ ಸುದ್ದಿ ಸೆರೆಯಲ್ಲಿದ್ದೋರಿಗೆ ಮುಟ್ಟಿಲ್ಲ" ಎಂದರು ಹೂವಯ್ಯನವರು. "ಮಗಳು ಅಂತ, ನಾಲ್ಕು ವರ್ಷ ಅಂತ ಬರೀಬೇಕಾದ್ರೆ ಕಣ್ಣಲ್ಲಿ ನೋಡಿರ್ಲೇಬೇಕು. ನೋಡಿದ್ದು ಒಂದೇ ಸಲ."

ನಾನು ಅಂಗಲಾಚಿದೆ. "ಬದುಕಿದ್ದ ಅಂತಷ್ಟೇ ಹೇಳಿ. ಹಾಲು ಎರೆಯಲು ಆಕೆಗೆ ಅಷ್ಟು ಸಾಕು. ಸತ್ತ ತಂದೆ ಹುಡುಕಿಕೊಂಡು ಬಂದು ತುತ್ತು ಕೊಟ್ಟ ಅಂತ ನಂಬಿಕೊಂಡು ಬದುಕಿದವಳಿಗೆ, ಬದುಕಿದ ತಂದೆ ಬಿಟ್ಟುಹೋಗಿ ಮೂವತ್ಮೂರು ವರ್ಷ ತಿರುಗಿ ನೋಡಲಿಲ್ಲ ಅಂತ ಯಾಕೆ ಹೇಳಬೇಕು?" ಹೂವಯ್ಯನವರು ಹಾಳೆಗಳನ್ನು ಜೋಡಿಸುತ್ತಾ, "ಅರ್ಧ ಮನುಷ್ಯನ್ನ ಮನೆಗೆ ತಲುಪ್ಸಕ್ಕೆ ಆಗಲ್ಲ ಮೇಡಂ" ಎಂದರು. ನಾನು ಕಾಫಿ ಕೊಡದೆ ಎದ್ದುಹೋದೆ.

ಮುಂದಿನ ವಾರ ಬೆಳ್ಳಮ್ಮನ ನಡುಕೋಣೆಯಲ್ಲಿ ಅವರು ಎಲ್ಲವನ್ನೂ ಓದಿದರು. ರಾಜೇಂದ್ರ ಗೋಡೆಗೊರಗಿ ನಿಂತಿದ್ದ. ಬೆಳ್ಳಮ್ಮ ಮೂರು ಫೋಟೋಗಳನ್ನೂ ನೆಲದ ಮೇಲೆ ಸಾಲಾಗಿಟ್ಟುಕೊಂಡಳು. ಬದುಕಿದ್ದ ಎಂಬ ಮಾತಿಗೆ ಆಕೆ ಬೆಚ್ಚಲಿಲ್ಲ. ಬಾಗಿಲ ಕಡೆಗೆ, ಆಮೇಲೆ ಹಿತ್ತಿಲ ಕಡೆಗೆ ನೋಡಿ, ಮಗುವಿನ ಹಾಗೆ ಬೆರಳು ಮಡಚುತ್ತಾ ಹೇಳಿದಳು: "ಅವ್ವ ಆಚೆ ನಿಂತು ಉಂಡು ಹೋಗು ಅಂದ್ಲು. ತಿರುಗಿ ನೋಡ್ಬೇಡ ಅಂದ್ಲು. ಅಪ್ಪಯ್ಯ ಉಂಡ. ಹೋದ. ತಿರುಗಿ ನೋಡ್ಲಿಲ್ಲ. ನಾವು ಹೇಳಿದ್ದನ್ನೇ ಮಾಡಿದ್ನಲ್ಲೋ ತಮ್ಮಾ."

ಸೈನ್ಯದಿಂದ, ಸೆರೆಯಿಂದ, ಸಮುದ್ರದಿಂದ ಬದುಕಿ ಬಂದು, ಸಾಗರದಿಂದ ಹುಂಚದವರೆಗೆ ಕಾಲುನಡಿಗೆಯಲ್ಲಿ ಬಂದು, ಕಾಲು ತೊಳೆದು ಒಳಗಡಿಯಿಟ್ಟವನಿಗೆ ಎದುರಾದದ್ದು ತನ್ನದೇ ಎಡೆ, ತನ್ನದೇ ಪಂಚೆ, ಹೆಂಡತಿಯ ಬಾಯಿಂದ ತನ್ನದೇ ಹೆಸರು. ಆ ಮನೆಯ ನಂಬಿಕೆಯಲ್ಲಿ ಬೆಳೆದವನು ಆತ. ತಾನು ಬದುಕಿದ್ದೇನೆಂದು ಆ ಗಳಿಗೆಯಲ್ಲಿ ಅವನಿಗೆ ಖಾತ್ರಿಯಾದರೂ ಇತ್ತೇ?

"ಅವ್ವಂಗೆ ಗೊತ್ತಿತ್ತಾ?" ಎಂದು ಬೆಳ್ಳಮ್ಮ ಕೇಳಿದಳು. "ಅದಕ್ಕೇ ಚಿ‌ಲಕ ಹಾಕ್ತಿದ್ಲಾ?"

"ಕಾಗದ ಅದನ್ನ ಹೇಳಲ್ಲ ಅಕ್ಕಾ."

ನಾಲ್ಕು ವರ್ಷದ ಅಂಕಣವನ್ನು ಹೂವಯ್ಯನವರು ಎರಡು ಸಲ ಓದಬೇಕಾಯಿತು. ಬೆಳ್ಳಮ್ಮ ಮೊದಲು ನಕ್ಕಳು. "ಹಂಗಾರೆ ಅಪ್ಪಯ್ಯನ ಪಾಲಿಗೆ ನಾನಿನ್ನೂ ಅಲ್ಲೇ ಕಣಜದ ಪಕ್ಕ ನಿಂತೀನಿ" ಎಂದಳು. ಹೇಳಿ ಮುಗಿಯುವಷ್ಟರಲ್ಲಿ ಆಕೆಗೆ ಅಳು ಒತ್ತರಿಸಿಕೊಂಡು ಬಂತು. ಎಂಬತ್ತೆರಡರ ಮುದುಕಿ ಹೋ ಎಂದು ಅತ್ತಳು. ನಾನೂ ಅತ್ತೆ, ಹೇಳುವುದಕ್ಕೆ ನಾಚಿಕೆಯೇನಿಲ್ಲ.

ಮೇ ತಿಂಗಳಲ್ಲಿ ಲಿಖಿತಾಳ ಮದುವೆಯಾಯಿತು. ಧಾರೆಯ ಹೊತ್ತಿಗೆ ರಾಜೇಂದ್ರ ಒಲೆಯ ಹತ್ತಿರ ಹೋಗಿ ತಾಯಿಯ ಕೈ ಹಿಡಿದು ಕರೆತಂದ. ಯಾರಾದರೂ ಏನಾದರೂ ಅಂದರೆ ತೋರಿಸಬೇಕೆಂದು ಸೇವಾ ದಾಖಲೆಯನ್ನು ಲ್ಯಾಮಿನೇಟ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಯಾರೂ ಏನೂ ಅನ್ನಲಿಲ್ಲ. ಬೆಳ್ಳಮ್ಮ ಹಾಲು ಎರೆದಳು. ಅರ್ಧ ಚೆಂಬು ಮದುಮಗನ ಪಂಚೆಯ ಮೇಲೆ ಬಿತ್ತು.

ಸೆಪ್ಟೆಂಬರಿನ ಹಬ್ಬಕ್ಕೆ ನಮ್ಮಿಬ್ಬರಿಗೂ ಹೇಳಿಕೆ ಬಂತು. ನಡುಕೋಣೆಯಲ್ಲಿ ಎಲೆಗಳು ಬಿದ್ದಿದ್ದವು. ಹೂವಯ್ಯನವರು ಕೋಟಿನ ಬಲಜೇಬು ಖಾಲಿ ಮಾಡಿ, ಗುಂಡಿ ಬಿಚ್ಚಿ, ಅದನ್ನು ಮಡಿಸಿ ಕೊನೆಯ ಎಲೆಯ ಪಕ್ಕ ಇಟ್ಟರು. ಕೋಟಿಲ್ಲದ ಅವರು ಎಷ್ಟು ಸಣ್ಣ ಆಳು! ಬೆಳ್ಳಮ್ಮ ಹೋಗಿ ಹಿತ್ತಿಲ ಬಾಗಿಲ ಚಿಲಕ ತೆಗೆದು, ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದು, ಮುಚ್ಚಿಕೊಳ್ಳದಂತೆ ಕಲ್ಲು ಇಟ್ಟು ಬಂದಳು. ಎಲ್ಲರೂ ಅಂಗಳಕ್ಕಿಳಿದು ಮುಂಬಾಗಿಲು ಮುಚ್ಚಿದೆವು. ಹೊಸ್ತಿಲಾಚೆ ನಿಂತು ಉಳಿದವರ ಹೆಸರನ್ನೆಲ್ಲ ಆಕೆ ಪದ್ಧತಿಯಂತೆಯೇ ಕೂಗಿದಳು. ಕೊನೆಗೆ ಸ್ವರ ತಗ್ಗಿಸಿ, "ಅಪ್ಪಯ್ಯಾ, ಬಾ. ಉಣ್ಣು. ಇರು" ಎಂದಳು.

ಕೂತೆವು. ಹೂಬಿಸಿಲು, ಗದ್ದೆಯ ಮೇಲೆ ಗಾಳಿಯಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಲೋಟ ಸರಿದಂಥ ಸಣ್ಣ ಸದ್ದಾಯಿತು. "ಬೆಕ್ಕಿರಬೇಕು" ಎಂದೆ ನಾನು, ಮಾತಾಡಬಾರದೆಂಬುದನ್ನು ಮರೆತು. "ನಮ್ಮನೇಲಿ ಬೆಕ್ಕಿಲ್ಲ ಮೇಡಂ" ಎಂದು ರಾಜೇಂದ್ರ ಪಿಸುಗುಟ್ಟಿದ.

ಹೊತ್ತಾಯಿತು. ಎಲ್ಲರೂ ಹೂವಯ್ಯನವರ ಕಡೆ ನೋಡಿದರು; ತಟ್ಟುವುದಕ್ಕೆ ಅವರಿಗಿಂತ ಯೋಗ್ಯರು ಯಾರು? ಅವರು ಮೆಟ್ಟಿಲು ಹತ್ತಿ, ಕೈಯೆತ್ತಿ, ಗೆಣ್ಣನ್ನು ಬಾಗಿಲಿನ ಹತ್ತಿರದವರೆಗೆ ಒಯ್ದು, ಕೆಳಗಿಳಿಸಿದರು. "ತಟ್ಟಿದ್ರೆ ಏಳು ಅಂದಂಗೆ ಆಗ್ತದೆ" ಎಂದು ಪಕ್ಕಕ್ಕೆ ಸರಿದು ನಿಂತರು.

ಬೆಳ್ಳಮ್ಮ, ತನ್ನ ಮನೆಗೆ ತಾನು ಹೋಗುವ ಹಾಗೆ, ಬಾಗಿಲು ತಳ್ಳಿಕೊಂಡು ಒಳಗೆ ಹೋದಳು. ಎಲೆ ಇಟ್ಟ ಹಾಗೆಯೇ ಇತ್ತು, ಕೋಟು ಇಟ್ಟ ಹಾಗೆಯೇ ಇತ್ತು. ನೀರಿನ ಲೋಟ ಎಡಕ್ಕಿತ್ತೋ ಬಲಕ್ಕಿತ್ತೋ ನನಗೆ ನೆನಪಿಲ್ಲ. ನೆನಪು ಮಾಡಿಕೊಳ್ಳಲು ಇಷ್ಟವೂ ಇಲ್ಲ. ಆಕೆ ಕೊನೆಯ ಎಲೆಯ ಮುಂದೆ ಕಾಲು ಮಡಚಿ ಕೂತು, ಮನೆಯವರೆಲ್ಲರ ಎದುರಿಗೆ, ತಂದೆಯ ಎಡೆಯನ್ನು ಉಂಡಳು. ಉಣ್ಣುತ್ತಾ ಒಂದು ಕಡುಬು ತೆಗೆದು ನನ್ನ ಕಡೆ ಚಾಚಿದಳು. ಎಡೆಯ ಅನ್ನ ಮುಟ್ಟಬಾರದೆಂದು ಕಲಿತ ಮನೆಯಲ್ಲಿ ಬೆಳೆದವಳು ನಾನು. ಕೈ ನೀಡಿ ಇಸಿದುಕೊಂಡು ತಿಂದೆ.

ಹೂವಯ್ಯನವರು ಗುರುವಾರಗಳಂದು ಈಗಲೂ ಬರುತ್ತಾರೆ, ಕೋಟಿಲ್ಲದೆ. ಹೊಸ ಲಕೋಟೆಗಳು, ಹೊಸ ಹೆಸರುಗಳು. ದಾರಿಯಲ್ಲಿ ನಿಂತು ಕಾಯುವುದು ಮಾತ್ರ ಬಿಟ್ಟಿಲ್ಲ. ಇಂಥವರನ್ನು ನಾವು ಅರೆಮರುಳರೆಂದು ನಗುತ್ತೇವೆ, ಕಾಗದ ತಿನ್ನುವ ಹುಳಗಳೆಂದು ಹಗುರ ಮಾಡುತ್ತೇವೆ. ನಮ್ಮ ಮನೆಯ ಕಡತ ಅವರ ಕೈಗೆ ಸಿಕ್ಕ ದಿನ ಮಾತ್ರ ನಗು ನಿಲ್ಲುತ್ತದೆ. ಅವರು ಸತ್ತವರನ್ನು ಕರೆತರುವುದಿಲ್ಲ. ಯಾರನ್ನು ನಾವು ಉಣಿಸಿ, ಹೆಸರು ಹಿಡಿದು ಕೂಗಿ, ಪ್ರೀತಿಯಿಂದಲೇ ಮನೆಯಾಚೆ ಕಳಿಸಿಬಿಟ್ಟಿದ್ದೇವೆಂಬುದನ್ನು ಓದಿ ಹೇಳುತ್ತಾರೆ, ಅಷ್ಟೇ. ಮುಚ್ಚಿದ ಬಾಗಿಲನ್ನು ನಾವೆಲ್ಲ ತಟ್ಟಿ ಕಾಯುವುದು ಒಳಗೆ ಸತ್ತವರಿದ್ದಾರೆಂಬ ಅಂಜಿಕೆಗೆ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಒಳಗೆ ಬದುಕಿದವರು ಸಿಕ್ಕಿಬಿಟ್ಟಾರು ಎಂಬ ಅಂಜಿಕೆ ಅದಕ್ಕಿಂತ ದೊಡ್ಡದೆಂದು ಈಗ ಅನ್ನಿಸುತ್ತದೆ.